ಪೇಟೆಯ ಮಂಡಳಿ, ಬೆಟ್ಟದ ರೈತ: ಬ್ರೂಮ್ ಕೌಂಟಿಯ ವಾಣಿಜ್ಯ ಮಂಡಳಿ ನೇಮಿಸಿದ ಕೃಷಿ ಏಜೆಂಟರ ಪ್ರಕರಣ

1911ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ನಗರದ ವಾಣಿಜ್ಯ ಮಂಡಳಿಯಲ್ಲಿ ಜಾನ್ ಎಚ್. ಬ್ಯಾರನ್ ಎಂಬ ಕೃಷಿ ಪದವೀಧರರು ಕೆಲಸಕ್ಕೆ ಸೇರಿದರು. ಅವರಿಗೆ ವಹಿಸಿದ್ದ ಕೆಲಸ ಪೇಟೆಯದಲ್ಲ. ನಗರದ ಸುತ್ತಲಿನ ಬ್ರೂಮ್ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತಹ ಆಡಳಿತ ವಿಭಾಗ) ಹಳ್ಳಿಗಳನ್ನು ತಿರುಗಿ, ಒಂದೊಂದು ಹೊಲಕ್ಕೂ ಹೋಗಿ, ಮಣ್ಣು, ಮೇವು, ಹಸು, ಬಿತ್ತನೆ ಮುಂತಾದ ವಿಷಯಗಳಲ್ಲಿ ರೈತರ ಜೊತೆ ಕೂತು ಯೋಚಿಸುವುದೇ ಕೃಷಿ ಏಜೆಂಟರ ಆ ಕೆಲಸವಾಗಿತ್ತು. ಅಂಗಡಿಕಾರರು, ಕಾರ್ಖಾನೆಯವರು ಮತ್ತು ಬ್ಯಾಂಕಿನವರು ಚಂದಾ ಹಾಕಿ ನಡೆಸುತ್ತಿದ್ದ ಸಂಸ್ಥೆಯೊಂದು ಹೊಲದ ಕೆಲಸಕ್ಕೆ ನೌಕರರನ್ನು ಇಟ್ಟುಕೊಂಡಿದ್ದು ಏಕೆ, ಇಟ್ಟುಕೊಂಡ ಮೇಲೆ ಆದದ್ದೇನು, ಮತ್ತು ಮೂರೇ ವರ್ಷಗಳೊಳಗೆ ಆ ಕೆಲಸ ಮಂಡಳಿಯ ಕೈಬಿಟ್ಟು ಹೋದದ್ದು ಹೇಗೆ ಎಂಬುದನ್ನು ಪರಿಶೀಲಿಸುವುದು ಈ ಅಧ್ಯಯನದ ಉದ್ದೇಶ.

ವಾಣಿಜ್ಯ ಮಂಡಳಿಗಳ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಅಧ್ಯಕ್ಷರ ಸಾಲು, ಕಟ್ಟಡಗಳ ಶಂಕುಸ್ಥಾಪನೆ, ವಸ್ತುಪ್ರದರ್ಶನಗಳ ವಿವರಗಳನ್ನು ಕ್ರಮವಾಗಿ ಜೋಡಿಸುತ್ತಾರೆ. ಮೈಸೂರು ವಾಣಿಜ್ಯ ಮಂಡಳಿಯಾಗಿ 1916ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಇಂದು ರಾಜ್ಯಮಟ್ಟದ ಮಹಾಸಂಸ್ಥೆಯಾಗಿರುವ ಸಂಸ್ಥೆಯನ್ನು ಬಲ್ಲ ಕನ್ನಡ ಓದುಗರಿಗೆ ಈ ಮಾದರಿಯ ಬರವಣಿಗೆ ಪರಿಚಿತವೇ ಆಗಿದೆ. ಬ್ರೂಮ್ ಕೌಂಟಿಯ ಮಂಡಳಿಯ ವಿಷಯದಲ್ಲಿ ಅಂತಹ ಸಾಲುಗಳಿಗಿಂತ ಈ ಒಂದು ನೇಮಕಾತಿಯೇ ಹೆಚ್ಚು ತೂಕದ್ದು ಎಂದು ನಾನು ಭಾವಿಸುತ್ತೇನೆ. ಅಮೆರಿಕದ ಅತ್ಯಂತ ಪ್ರಬಲ ರೈತ ಸಂಘಟನೆಯಾದ ಫಾರ್ಮ್ ಬ್ಯೂರೊದ ಹೆಸರು ಹುಟ್ಟಿದ್ದು ಇಲ್ಲಿಂದ. ಅದಕ್ಕಿಂತ ಮುಖ್ಯವಾಗಿ, ಹಣ ಕೊಡುವವರು ಒಬ್ಬರು, ಸೇವೆ ಪಡೆಯುವವರು ಇನ್ನೊಬ್ಬರು ಆದಾಗ ನಡುವೆ ನಿಂತ ನೌಕರ ಯಾರ ಕಡೆಯವನು ಎಂಬ ಪ್ರಶ್ನೆ ಇಲ್ಲಿ ಮೊದಲ ದಿನದಿಂದಲೇ ಎದ್ದು, ಮುಂದಿನ ನಾಲ್ಕು ದಶಕಗಳ ಕಾಲ ಬೇರೆ ಬೇರೆ ರೂಪಗಳಲ್ಲಿ ಮರುಕಳಿಸುತ್ತಲೇ ಹೋಯಿತು.

ಬೆಳೆಯುವ ನಗರ, ಬರಿದಾಗುವ ಬೆಟ್ಟ

ಬ್ರೂಮ್ ಕೌಂಟಿಯು ನ್ಯೂಯಾರ್ಕ್ ರಾಜ್ಯದ ದಕ್ಷಿಣದ ಅಂಚಿನಲ್ಲಿ, ಪೆನ್ಸಿಲ್ವೇನಿಯಾದ ಗಡಿಗೆ ತಾಗಿಕೊಂಡಿದೆ. ವಿಸ್ತೀರ್ಣ ಸುಮಾರು 1,850 ಚದರ ಕಿಲೋಮೀಟರ್; ಅಂದರೆ ನಮ್ಮ ದೊಡ್ಡ ತಾಲ್ಲೂಕೊಂದರಷ್ಟು. 1806ರಲ್ಲಿ ಟಯೋಗಾ ಕೌಂಟಿಯಿಂದ ಬೇರ್ಪಟ್ಟು ರಚನೆಯಾದ ಇದಕ್ಕೆ ಅಂದಿನ ಲೆಫ್ಟಿನೆಂಟ್ ಗವರ್ನರ್ ಜಾನ್ ಬ್ರೂಮ್ ಅವರ ಹೆಸರನ್ನಿಟ್ಟರು. ಸಸ್ಕ್ವೆಹಾನಾ ಮತ್ತು ಶೆನಾಂಗೊ ನದಿಗಳು ಕೂಡುವ ಜಾಗದಲ್ಲಿ ಬಿಂಗ್‌ಹ್ಯಾಮ್ಟನ್ ಬೆಳೆಯಿತು. 1837ರಲ್ಲಿ ಶೆನಾಂಗೊ ಕಾಲುವೆ, 1848ರಲ್ಲಿ ಈರಿ ರೈಲು, ಆಮೇಲೆ ಡೆಲಾವೇರ್, ಲ್ಯಾಕವಾನಾ ಅಂಡ್ ವೆಸ್ಟರ್ನ್ ರೈಲು ಒಂದರ ಹಿಂದೆ ಒಂದು ಬಂದು, ಕಣಿವೆಯ ಈ ಊರು ಸರಕು ಕೂಡುವ, ಚದುರುವ ಸ್ಥಳವಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಸಿಗಾರ್ ತಯಾರಿಕೆಯಲ್ಲಿ ಅದು ದೇಶದ ಮುಂಚೂಣಿಯ ಊರುಗಳಲ್ಲಿ ಒಂದಾಗಿತ್ತು. ಪಕ್ಕದ ಲೆಸ್ಟರ್‌ಶೈರ್ ಮತ್ತು ಎಂಡಿಕಾಟ್‌ಗಳಲ್ಲಿ ಎಂಡಿಕಾಟ್ ಜಾನ್ಸನ್ ಕಂಪನಿಯ ಚಪ್ಪಲಿ, ಬೂಟುಗಳ ಕಾರ್ಖಾನೆಗಳು ಎದ್ದವು. ಕಾರ್ಮಿಕರ ಹಾಜರಿ ದಾಖಲಿಸುವ ಗಡಿಯಾರಗಳನ್ನು ತಯಾರಿಸಲು 1889ರಲ್ಲಿ ಬಿಂಗ್‌ಹ್ಯಾಮ್ಟನ್‌ನಲ್ಲಿ ಆರಂಭವಾದ ಬಂಡಿ ಕಂಪನಿಯ ಉದ್ಯಮವು ಹಲವು ವಿಲೀನಗಳನ್ನು ದಾಟಿ, ಬ್ಯಾರನ್ ನೇಮಕವಾದ 1911ರಲ್ಲಿಯೇ ದೊಡ್ಡ ಕಂಪನಿಯೊಂದರ ಭಾಗವಾಯಿತು. ಆ ಕಂಪನಿ 1924ರಲ್ಲಿ ಐಬಿಎಂ ಎಂಬ ಹೆಸರು ಪಡೆಯಿತು.

ಹೀಗೆ ಕಣಿವೆಯಲ್ಲಿ ಎಲ್ಲವೂ ಏರುಮುಖದಲ್ಲಿತ್ತು. ಜನಗಣತಿಯ ಲೆಕ್ಕವನ್ನು ಎದುರಿಗಿಟ್ಟುಕೊಂಡರೆ ಮಾತ್ರ ಬೆಟ್ಟದ ಕಥೆ ತಿಳಿಯುತ್ತದೆ. 1900ರಲ್ಲಿ 39,647 ಇದ್ದ ನಗರದ ಜನಸಂಖ್ಯೆ 1910ಕ್ಕೆ 48,443 ಆಯಿತು. ಇಡೀ ಕೌಂಟಿಯ ಜನಸಂಖ್ಯೆ ಅದೇ ಅವಧಿಯಲ್ಲಿ 69,149ರಿಂದ 78,809ಕ್ಕೆ ಏರಿತು. ಒಂದರಿಂದ ಇನ್ನೊಂದನ್ನು ಕಳೆದು ನೋಡಿದರೆ, ನಗರದ ಹೊರಗಿನ ಇಡೀ ಕೌಂಟಿಯಲ್ಲಿ ಹತ್ತು ವರ್ಷಗಳಲ್ಲಿ ಹೆಚ್ಚಿದವರು 864 ಜನ ಮಾತ್ರ. ಬೂಟಿನ ಕಾರ್ಖಾನೆಗಳಿಂದಾಗಿ ಭರದಿಂದ ಬೆಳೆಯುತ್ತಿದ್ದ ಲೆಸ್ಟರ್‌ಶೈರ್ ಮತ್ತು ಎಂಡಿಕಾಟ್‌ಗಳೂ ಈ 'ಹೊರಗಿನ' ಲೆಕ್ಕದಲ್ಲಿಯೇ ಸೇರಿವೆ ಎಂಬುದನ್ನು ನೆನಪಿಟ್ಟರೆ, ಬೆಟ್ಟದ ಹಳ್ಳಿಗಳು ಜನರನ್ನು ಕಳೆದುಕೊಳ್ಳುತ್ತಿದ್ದವು ಎಂಬ ತೀರ್ಮಾನಕ್ಕೆ ಬರದೆ ವಿಧಿಯಿಲ್ಲ.

ಇದಕ್ಕೆ ಮಣ್ಣು ಒಂದು ಕಾರಣ. ದಕ್ಷಿಣ ನ್ಯೂಯಾರ್ಕಿನ ಬೆಟ್ಟಗಳ ಮೇಲೆ ವ್ಯಾಪಕವಾಗಿ ಹರಡಿರುವ ವೊಲೂಸಿಯಾ ಎಂಬ ಮಣ್ಣಿನ ವರ್ಗವು ಹುಳಿ ಗುಣದ್ದು. ಒಂದೂವರೆ ಅಡಿಯ ಆಸುಪಾಸಿನಲ್ಲಿ ಗಟ್ಟಿ ಪದರವೊಂದು ಅಡ್ಡ ಮಲಗಿರುವುದರಿಂದ ಹಿಮ ಕರಗುವ ವಸಂತದಲ್ಲಿ ನೀರು ಇಂಗದೆ ನಿಲ್ಲುತ್ತದೆ, ಬೇರು ಆಳಕ್ಕೆ ಇಳಿಯಲಾಗದ್ದರಿಂದ ಬೇಸಿಗೆಯಲ್ಲಿ ಅದೇ ಹೊಲ ಬೇಗ ಒಣಗುತ್ತದೆ. ಸುಣ್ಣ ಹಾಕದಿದ್ದರೆ ಕ್ಲೋವರ್ ಮೇವು ಏಳುವುದಿಲ್ಲ. ಕ್ಲೋವರ್ ಇಲ್ಲದಿದ್ದರೆ ಹಸುವಿಗೆ ಒಳ್ಳೆಯ ಮೇವೂ ಇಲ್ಲ, ನೆಲಕ್ಕೆ ಸಾರಜನಕವೂ ಇಲ್ಲ. ಕಾಡು ಕಡಿದ ಹೊಸದರಲ್ಲಿ ಈ ನೆಲ ಒಂದಿಷ್ಟು ಬೆಳೆದಿತ್ತು. ಪಶ್ಚಿಮದ ಹುಲ್ಲುಗಾವಲುಗಳ ಸಮತಟ್ಟು ನೆಲದಿಂದ ರೈಲಿನಲ್ಲಿ ಅಗ್ಗದ ಧಾನ್ಯ ಬರತೊಡಗಿದ ಮೇಲೆ ಬೆಟ್ಟದ ರೈತ ಧಾನ್ಯ ಬಿಟ್ಟು ಹೈನಿಗೆ ತಿರುಗಿದ. ಮೊದಲು ಬೆಣ್ಣೆ, ಆಮೇಲೆ ನ್ಯೂಯಾರ್ಕ್ ಮಹಾನಗರಕ್ಕೆ ರೈಲಿನಲ್ಲಿ ಹೋಗುವ ಹಾಲು. ಹಾಲಿನ ಬೆಲೆಯನ್ನು ಮಹಾನಗರದ ವರ್ತಕರು ನಿಗದಿ ಮಾಡುತ್ತಿದ್ದರು. ಕೊಂಡಿಯ ಆ ತುದಿಯಲ್ಲಿ ಅವನ ಮಾತು ನಡೆಯುತ್ತಿರಲಿಲ್ಲ. ಈ ತುದಿಯಲ್ಲಿ ಮಕ್ಕಳು ಕೂಲಿ ಖಚಿತವಾಗಿ ಸಿಗುವ ಬೂಟಿನ ಕಾರ್ಖಾನೆಗೆ ಹೋಗುತ್ತಿದ್ದರು.

ಮಂಡಳಿಯ ಲೆಕ್ಕಾಚಾರ

ಮಂಡಳಿಯ ಕಾರ್ಯದರ್ಶಿಯಾಗಿದ್ದ ಬೈಯರ್ಸ್ ಎಚ್. ಗಿಚೆಲ್ ಅವರು ಈ ಸ್ಥಿತಿಯನ್ನು ವ್ಯಾಪಾರದ ಕಣ್ಣಿನಿಂದಲೇ ನೋಡಿದರು, ಮತ್ತು ಅದರಲ್ಲಿ ತಪ್ಪು ಹುಡುಕುವ ಅಗತ್ಯವಿಲ್ಲ. ಸುತ್ತಲಿನ ಹೊಲಗಳು ಪಾಳು ಬಿದ್ದರೆ ನಗರದ ಅಂಗಡಿಗೆ ಗಿರಾಕಿ ಕಡಿಮೆ, ಬ್ಯಾಂಕಿಗೆ ಠೇವಣಿ ಕಡಿಮೆ, ಕಾರ್ಮಿಕರ ಊಟದ ಖರ್ಚು ಹೆಚ್ಚು. ಬೇರೆ ಊರುಗಳ ಮಂಡಳಿಗಳು ಹೊಸ ಕಾರ್ಖಾನೆಗಳನ್ನು ಕರೆತರಲು ಪೈಪೋಟಿ ನಡೆಸುತ್ತಿದ್ದ ಕಾಲದಲ್ಲಿ, ನಗರದ ಗಡಿಯಾಚೆಗಿನ ಹೊಲವೂ ತಮ್ಮ ವ್ಯಾಪ್ತಿಗೆ ಬರುತ್ತದೆ ಎಂದು ಮಂಡಳಿಯೊಂದು ಒಪ್ಪಿಕೊಂಡದ್ದು ದೊಡ್ಡ ಮಾತು.

ಲ್ಯಾಕವಾನಾ ರೈಲ್ವೆಯ ಸಾಗಣೆ ವಿಭಾಗದ ಅಧಿಕಾರಿ ಜಾರ್ಜ್ ಎ. ಕಲೆನ್ ಅವರಿಗೂ ಇದೇ ಚಿಂತೆಯಿತ್ತು. ಹಳಿಯ ಎರಡೂ ಬದಿಯ ನೆಲ ಬೆಳೆ ಕೊಡದಿದ್ದರೆ ರೈಲಿಗೆ ಸರಕಿಲ್ಲ. ರೈಲ್ವೆ ಕಂಪನಿಗಳಲ್ಲಿ ಆಗ ಪ್ರಾತ್ಯಕ್ಷಿಕೆ ತೋಟಗಳ ಯೋಚನೆ ಚಾಲ್ತಿಯಲ್ಲಿತ್ತು. ಲಾಂಗ್ ಐಲೆಂಡ್ ರೈಲು ಕಂಪನಿ 1905ರಿಂದಲೇ ತನ್ನ ಹಳಿಯ ಪಕ್ಕದ ಪಾಳು ನೆಲದಲ್ಲಿ ಅಂತಹ ತೋಟಗಳನ್ನು ಬೆಳೆಸಿ ತೋರಿಸಿತ್ತು. ಲ್ಯಾಕವಾನಾ ಕಂಪನಿಯ ಆರಂಭದ ಯೋಚನೆಯೂ ಅದೇ ದಿಕ್ಕಿನದಾಗಿತ್ತು.

ಆ ಯೋಚನೆ ಬದಲಾದದ್ದು ಕೇಂದ್ರ ಕೃಷಿ ಇಲಾಖೆಯ ಕೃಷಿ ನಿರ್ವಹಣಾ ಕಚೇರಿಯ ಮುಖ್ಯಸ್ಥರಾಗಿದ್ದ ವಿಲಿಯಂ ಜೆ. ಸ್ಪಿಲ್‌ಮನ್ ಅವರ ಸಲಹೆಯಿಂದ. ಈ ಪ್ರಕರಣದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವ ತಿರುವು ಇದು. ಸ್ಪಿಲ್‌ಮನ್ ಸಾಮಾನ್ಯ ಅಧಿಕಾರಿಯಲ್ಲ. ವಾಷಿಂಗ್ಟನ್ ರಾಜ್ಯದಲ್ಲಿ ಗೋಧಿ ತಳಿಗಳ ಮೇಲೆ ಕೆಲಸ ಮಾಡುತ್ತ, ಮೆಂಡೆಲ್ ಕಂಡುಕೊಂಡಿದ್ದ ಅನುವಂಶೀಯತೆಯ ನಿಯಮಗಳಿಗೆ ಸ್ವತಂತ್ರವಾಗಿ ಹತ್ತಿರ ಬಂದಿದ್ದ ವಿಜ್ಞಾನಿ. ಅಂತಹವರೇ ರೈತನಿಗೆ ಮೇಲಿನಿಂದ ವಿಜ್ಞಾನ ಬೋಧಿಸುವ ಮಾರ್ಗವನ್ನು ಬದಿಗಿಟ್ಟರು. ಯಾವ ಪ್ರದೇಶದಲ್ಲಾದರೂ, ಅದೇ ಮಣ್ಣು, ಅದೇ ಮಳೆ, ಅದೇ ಮಾರುಕಟ್ಟೆಯಲ್ಲಿ ಕೆಲವು ರೈತರು ಗೆದ್ದಿರುತ್ತಾರೆ. ಅವರು ಗೆದ್ದದ್ದು ಹೇಗೆ ಎಂಬುದನ್ನು ಒಬ್ಬ ನುರಿತ ವ್ಯಕ್ತಿ ಅಲ್ಲಿಯೇ ಇದ್ದು ಅಧ್ಯಯನ ಮಾಡಿ, ಅದನ್ನು ಉಳಿದವರಿಗೆ ತಲುಪಿಸಬೇಕು ಎಂಬುದು ಅವರ ಮಾರ್ಗದ ತಿರುಳು. ಕಂಪನಿಯ ತೋಟವನ್ನು ನೋಡಲು ಬಂದ ರೈತ, ಇಷ್ಟು ಹಣ ಸುರಿದರೆ ಯಾರು ಬೇಕಾದರೂ ಬೆಳೆಯಬಹುದು ಎಂದುಕೊಂಡು ಮನೆಗೆ ಹೋಗುತ್ತಾನೆ. ನೆರೆಯವನ ಹೊಲದಲ್ಲಿ ನಿಂತಾಗ ಅವನಿಗೆ ಆ ಮಾತು ಹೇಳಲಾಗದು.

ದಕ್ಷಿಣದ ರಾಜ್ಯಗಳಲ್ಲಿ ಕೇಂದ್ರ ಕೃಷಿ ಇಲಾಖೆಗೆ ಕೆಲಸ ಮಾಡುತ್ತಿದ್ದ ಸೀಮನ್ ನ್ಯಾಪ್ ಅವರು ಇದೇ ಸತ್ಯವನ್ನು ಬೇರೆ ದಾರಿಯಿಂದ ಕಂಡುಕೊಂಡಿದ್ದರು. 1903ರಲ್ಲಿ ಟೆಕ್ಸಾಸಿನ ಟೆರೆಲ್ ಊರಿನಲ್ಲಿ ವಾಲ್ಟರ್ ಪೋರ್ಟರ್ ಎಂಬ ರೈತರು ತಮ್ಮದೇ ಜಮೀನಿನಲ್ಲಿ ನ್ಯಾಪ್ ಹೇಳಿದಂತೆ ಬೆಳೆ ಇಟ್ಟರು. ನಷ್ಟವಾದರೆ ತುಂಬಿಕೊಡಲು ಊರಿನ ವ್ಯಾಪಾರಿಗಳು ನಿಧಿ ಕೂಡಿಸಿಟ್ಟಿದ್ದರು. ನಷ್ಟವಾಗಲಿಲ್ಲ, ನಿಧಿಯನ್ನು ಮುಟ್ಟಬೇಕಾಗಲಿಲ್ಲ. ಹತ್ತಿಯ ಕಾಯಿಕೊರಕ ಮೂತಿಹುಳು ಟೆಕ್ಸಾಸಿನ ಹೊಲಗಳನ್ನು ಹಾಳುಗೆಡವುತ್ತಿದ್ದ ಆ ದಿನಗಳಲ್ಲಿ, 1906ರಲ್ಲಿ ಅದೇ ರಾಜ್ಯದ ಸ್ಮಿತ್ ಕೌಂಟಿಯು ಒಂದೇ ಕೌಂಟಿಗೆ ಮೀಸಲಾದ ಏಜೆಂಟರನ್ನು ಪಡೆಯಿತು. ಅಲ್ಲಿಯೂ ಸಂಬಳದ ಹೆಚ್ಚಿನ ಭಾಗ ಟೈಲರ್ ಊರಿನ ವ್ಯಾಪಾರಿಗಳದ್ದು. ಹಳ್ಳಿಯ ನಷ್ಟವು ಪೇಟೆಯ ನಷ್ಟವೂ ಹೌದು ಎಂಬ ಅರಿವು ಹೀಗೆ ಎರಡು ಕಡೆ ಎರಡು ಕಾರಣಗಳಿಂದ ಮೂಡಿತ್ತು: ದಕ್ಷಿಣದಲ್ಲಿ ಹುಳುವಿನ ಹಾವಳಿಯಿಂದ, ಬ್ರೂಮ್‌ನಲ್ಲಿ ನಿಧಾನವಾಗಿ ಖಾಲಿಯಾಗುವ ಮನೆಗಳಿಂದ.

ಕೊನೆಗೆ ವಾಣಿಜ್ಯ ಮಂಡಳಿ, ರೈಲ್ವೆ ಕಂಪನಿ ಮತ್ತು ಕೇಂದ್ರ ಕೃಷಿ ಇಲಾಖೆ ಈ ಮೂವರೂ ಖರ್ಚು ಹಂಚಿಕೊಳ್ಳುವುದೆಂದಾಯಿತು. ಸುಮಾರು 80 ಕಿಲೋಮೀಟರ್ ದೂರದ ಇಥಾಕಾದಲ್ಲಿದ್ದ ಕಾರ್ನೆಲ್ ವಿಶ್ವವಿದ್ಯಾಲಯದ ಕೃಷಿ ಕಾಲೇಜು ಸಹಕಾರ ಕೊಟ್ಟಿತು. ಮಂಡಳಿಯ ವಿವಿಧ ವಿಭಾಗಗಳಿಗೆ ಬ್ಯೂರೊ ಎನ್ನುತ್ತಿದ್ದುದರಿಂದ ಕೃಷಿಗೆಂದು ತೆರೆದ ವಿಭಾಗವೂ ಫಾರ್ಮ್ ಬ್ಯೂರೊ ಎನಿಸಿಕೊಂಡಿತು.

ಏಜೆಂಟರು ಯಾರ ಕಡೆಯವರು?

ಬ್ಯಾರನ್ ರೈತ ಕುಟುಂಬದಲ್ಲಿ ಬೆಳೆದವರು, ಕಾರ್ನೆಲ್‌ನಲ್ಲಿ ಓದಿದವರು. ಕೆಲಸ ಬಲ್ಲ ವ್ಯಕ್ತಿ ಎಂಬುದರಲ್ಲಿ ಅನುಮಾನವಿರಲಿಲ್ಲ. ಆದರೆ ಅವರು ಬರುತ್ತಿದ್ದದ್ದು ವಾಣಿಜ್ಯ ಮಂಡಳಿಯ ಕಚೇರಿಯಿಂದ, ಅವರ ಸಂಬಳದಲ್ಲಿ ರೈಲ್ವೆ ಕಂಪನಿಯ ಪಾಲಿತ್ತು. ಬೆಟ್ಟದ ರೈತನ ಅನುಭವದಲ್ಲಿ ಇವೆರಡೂ ತನ್ನಿಂದ ಪಡೆಯುವ ಸಂಸ್ಥೆಗಳೇ ಹೊರತು ತನಗೆ ಕೊಡುವ ಸಂಸ್ಥೆಗಳಲ್ಲ. ಸರಕಿನ ದರ ಏರಿಸುವವರು, ಸಾಲಕ್ಕೆ ಬಡ್ಡಿ ಹಾಕುವವರು, ಹಾಲನ್ನೂ ಆಲೂಗಡ್ಡೆಯನ್ನೂ ಅಗ್ಗಕ್ಕೆ ಬಯಸುವವರು ಇದ್ದಕ್ಕಿದ್ದಂತೆ ಹಿತೈಷಿಗಳಾದದ್ದು ಏಕೆ ಎಂಬ ಸಂಶಯ ಅವನಲ್ಲಿ ಮೂಡಿದ್ದನ್ನು ಹಳ್ಳಿಗರ ಮೊಂಡುತನ ಎಂದು ತಳ್ಳಿಹಾಕುವವರಿದ್ದಾರೆ. ನಾನು ಆ ಮಾತನ್ನು ಒಪ್ಪುವುದಿಲ್ಲ. ಇಳುವರಿ ಹೆಚ್ಚಿದರೆ ಬೆಲೆ ಕುಸಿಯುತ್ತದೆ, ಕುಸಿದ ಬೆಲೆಯ ಲಾಭ ಪೇಟೆಗೆ ಹೋಗುತ್ತದೆ ಎಂಬ ರೈತನ ತರ್ಕದಲ್ಲಿ ಅರ್ಥಶಾಸ್ತ್ರದ ದೃಷ್ಟಿಯಿಂದ ಲೋಪವೇನೂ ಇರಲಿಲ್ಲ. ಇಳುವರಿ ಹೆಚ್ಚಿಸಿ ಎಂದಷ್ಟೇ ಹೇಳಿ, ಬೆಲೆಯ ವಿಷಯದಲ್ಲಿ ಮೌನವಾಗಿರುವ ಸಲಹೆಗಾರನನ್ನು ಯಾವ ಕಾಲದ, ಯಾವ ದೇಶದ ರೈತನಾದರೂ ಅರೆಮನಸ್ಸಿನಿಂದಲೇ ಕೇಳುತ್ತಾನೆ.

ಕಾರ್ನೆಲ್ ಕೃಷಿ ಕಾಲೇಜಿನ ಡೀನ್ ಲಿಬರ್ಟಿ ಹೈಡ್ ಬೇಲಿ ಅವರ ನಿಲುವನ್ನೂ ಇಲ್ಲಿ ಗಮನಿಸಬೇಕು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ 1908ರಲ್ಲಿ ನೇಮಿಸಿದ ಗ್ರಾಮೀಣ ಜೀವನ ಆಯೋಗಕ್ಕೆ ಬೇಲಿ ಅಧ್ಯಕ್ಷರಾಗಿದ್ದರು. ಕೃಷಿಯ ಅರಿವನ್ನು ಕಾಲೇಜಿನಿಂದ ರೈತರಿಗೆ ತಲುಪಿಸುವ ರಾಷ್ಟ್ರವ್ಯಾಪಿ ವಿಸ್ತರಣಾ ಸೇವೆ ಬೇಕೆಂದು ಆ ಆಯೋಗ ಶಿಫಾರಸು ಮಾಡಿತ್ತು. ಹಳ್ಳಿಯ ಸುಧಾರಣೆ ಹಳ್ಳಿಯವರಿಂದಲೇ ಏಳಬೇಕು, ನಗರದ ಅಗತ್ಯಕ್ಕೆ ತಕ್ಕಂತೆ ಹಳ್ಳಿಯನ್ನು ರೂಪಿಸಬಾರದು ಎಂಬುದು ಅವರ ದೃಢವಾದ ಅಭಿಪ್ರಾಯವಾಗಿತ್ತು. ಕಾರ್ನೆಲ್‌ನಲ್ಲಿಯೇ ಜಾರ್ಜ್ ವಾರೆನ್ ಅವರು ಟಾಂಪ್ಕಿನ್ಸ್ ಕೌಂಟಿಯ ರೈತರ ಮನೆಮನೆಗೆ ಹೋಗಿ ಜಮಾಖರ್ಚು ಕೇಳಿ ಬರೆದುಕೊಂಡು, ದುಡಿಮೆಗೆ ನಿಜವಾಗಿ ಸಿಗುವ ಪ್ರತಿಫಲವೆಷ್ಟು ಎಂದು ಲೆಕ್ಕ ಹಾಕಿದ ಸಮೀಕ್ಷೆ ಪ್ರಕಟವಾದದ್ದೂ 1911ರಲ್ಲಿಯೇ. ರೈತನ ಲಾಭನಷ್ಟದಿಂದ ಆರಂಭಿಸಬೇಕು ಎಂಬ ಯೋಚನೆ ಆ ಹೊತ್ತಿಗೆ ಆ ಭಾಗದಲ್ಲಿ ಬಲವಾಗಿ ಬೇರು ಬಿಡುತ್ತಿತ್ತು ಎನ್ನಲು ಇವು ಸಾಕ್ಷಿ.

ಬ್ಯಾರನ್ ಈ ಅಪನಂಬಿಕೆಯನ್ನು ಭಾಷಣದಿಂದ ಎದುರಿಸಲಿಲ್ಲ. ಹೊಲಗಳಿಗೆ ಭೇಟಿ, ಹಳ್ಳಿಯ ಶಾಲಾಮನೆಗಳಲ್ಲಿ ಸಭೆ, ರೈತರ ಹೊಲದಲ್ಲಿಯೇ ಪ್ರಾತ್ಯಕ್ಷಿಕೆ, ಹೀಗೆ ಸಾಗಿತು ಅವರ ಕೆಲಸ. ಆ ನೆಲಕ್ಕೆ ಬೇಕಾದದ್ದು ಸುಣ್ಣ, ನೀರು ಬಸಿಯುವ ಕಾಲುವೆ, ಒಳ್ಳೆಯ ಮೇವು, ಹಾಲು ಕೊಡುವ ಹಸು ಯಾವುದು ಕೊಡದ ಹಸು ಯಾವುದು ಎಂಬ ಲೆಕ್ಕ. ಇವುಗಳಲ್ಲಿ ಯಾವುದೂ ಕಣ್ಣು ಕೋರೈಸುವ ಸಂಗತಿಯಲ್ಲ.

ಮಂಡಳಿಯ ಸೂರಿನಿಂದ ಹೊರಗೆ

ಆದರೂ ಮೂಲ ತೊಡಕು ಉಳಿಯಿತು. ಏಜೆಂಟರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಕಚೇರಿಯ ಬಾಗಿಲ ಮೇಲೆ ವಾಣಿಜ್ಯ ಮಂಡಳಿಯ ಹೆಸರಿರುವಷ್ಟು ಕಾಲ ರೈತರು ಅಲ್ಲಿಗೆ ತಾವಾಗಿ ಬರುವುದು ಕಷ್ಟವಿತ್ತು. ಎರಡನೆಯದಾಗಿ, ಕೌಂಟಿಯ ಆಡಳಿತ ನಡೆಸುತ್ತಿದ್ದ ಚುನಾಯಿತ ಮೇಲ್ವಿಚಾರಕರ ಮಂಡಳಿಯು ಸಾರ್ವಜನಿಕ ಹಣವನ್ನು ಕೊಡಬೇಕೆಂದರೆ, ಅದನ್ನು ವ್ಯಾಪಾರಿಗಳ ಸಂಸ್ಥೆಯೊಂದಕ್ಕೆ ಒಪ್ಪಿಸುವುದಕ್ಕಿಂತ ರೈತರದೇ ಸಂಘಕ್ಕೆ ಒಪ್ಪಿಸುವುದು ಸಮಂಜಸವಾಗಿತ್ತು. 1913ರಲ್ಲಿ ಬ್ರೂಮ್ ಕೌಂಟಿಯ ರೈತರು ಕೃಷಿ ಸುಧಾರಣಾ ಸಂಘವನ್ನು ಕಟ್ಟಿಕೊಂಡರು. ಸದಸ್ಯರು ರೈತರು, ಕಾರ್ಯಕಾರಿ ಸಮಿತಿಯವರೂ ರೈತರು, ಕೆಲಸದ ಕಾರ್ಯಕ್ರಮ ರೂಪಿಸುವವರೂ ಅವರೇ. ಏಜೆಂಟರ ಕೆಲಸ ವಾಣಿಜ್ಯ ಮಂಡಳಿಯಿಂದ ಈ ಸಂಘಕ್ಕೆ ವರ್ಗವಾಯಿತು, ಮತ್ತು ಸಂಘವು ಸ್ವಲ್ಪ ಕಾಲದಲ್ಲಿಯೇ ಫಾರ್ಮ್ ಬ್ಯೂರೊ ಎಂಬ ಹಳೆಯ ಹೆಸರನ್ನೇ ತನ್ನದಾಗಿಸಿಕೊಂಡಿತು.

ತಾನು ಹುಟ್ಟಿಸಿದ, ತನ್ನ ಹಣ ಹಾಕಿದ, ಹೆಸರು ತರತೊಡಗಿದ್ದ ಕೆಲಸವೊಂದನ್ನು ಸಂಸ್ಥೆಯೊಂದು ಎರಡೂವರೆ ವರ್ಷಗಳಲ್ಲಿ ಬಿಟ್ಟುಕೊಡುವುದು ಸುಲಭವಲ್ಲ. ನಮ್ಮ ಸುತ್ತಲಿನ ಎಷ್ಟೋ ಸಂಘಸಂಸ್ಥೆಗಳು ಆರಂಭಿಸಿದ ಕೆಲಸಗಳು ಬಿಗಿಯಾಗಿ ಹಿಡಿದುಕೊಂಡ ಕಾರಣಕ್ಕೇ ಸೊರಗಿರುವುದನ್ನು ಕಂಡಿರುವ ನನಗೆ, ಬಿಂಗ್‌ಹ್ಯಾಮ್ಟನ್ ಮಂಡಳಿಯ ಇತಿಹಾಸದಲ್ಲಿ 1911ರ ನೇಮಕಾತಿಗಿಂತ 1913ರ ಹಸ್ತಾಂತರ ದೊಡ್ಡದೆನಿಸುತ್ತದೆ. ಅದು ಪೂರ್ತಿ ಉದಾರತೆಯಿಂದ ಆದದ್ದು ಎಂದು ಹೇಳಬೇಕಾಗಿಲ್ಲ. ಕೌಂಟಿಯ ಹಣ ಬರಬೇಕಿತ್ತು, ರೈತರ ವಿಶ್ವಾಸ ಬೇಕಿತ್ತು, ಮಂಡಳಿಗೆ ತನ್ನದೇ ಬೇರೆ ಕೆಲಸಗಳಿದ್ದವು. ಉದ್ದೇಶ ಬೆರಕೆಯಾಗಿದ್ದರೂ ನಡೆದ ಹೆಜ್ಜೆ ಸರಿಯಾಗಿತ್ತು.

ಅದೇ ಕಾಲದಲ್ಲಿ ಬೇರೆಡೆಯೂ ಪೇಟೆಯ ಹಣ ಹೊಲದ ಕಡೆ ಹರಿಯುತ್ತಿತ್ತು. ಮಿಸೌರಿಯ ಪೆಟಿಸ್ ಕೌಂಟಿಯಲ್ಲಿ ಸೆಡೇಲಿಯಾ ಊರಿನ ವ್ಯಾಪಾರಿಗಳು, ಇಲಿನಾಯ್‌ನ ಡಿಕಾಲ್ಬ್ ಕೌಂಟಿಯಲ್ಲಿ ಬ್ಯಾಂಕಿನವರು ಮತ್ತು ರೈತರು ಕೂಡಿ 1912ರಲ್ಲಿ ಏಜೆಂಟರನ್ನು ನೇಮಿಸಿಕೊಂಡರು. ಸಿಯರ್ಸ್ ರೋಬಕ್ ಕಂಪನಿಯ ಜೂಲಿಯಸ್ ರೋಸನ್‌ವಾಲ್ಡ್ ಅವರು ಏಜೆಂಟರನ್ನು ನೇಮಿಸುವ ಮೊದಲ ನೂರು ಕೌಂಟಿಗಳಿಗೆ ತಲಾ 1,000 ಡಾಲರ್ ಕೊಡುವುದಾಗಿ ಅದೇ ವರ್ಷ ಘೋಷಿಸಿದರು. ಅಂಚೆಯ ಮೂಲಕ ಹಳ್ಳಿಗಳಿಗೆ ಸರಕು ಮಾರುವ ಕಂಪನಿಗೆ ರೈತನ ಜೇಬು ತುಂಬಿರುವುದು ಎಷ್ಟು ಮುಖ್ಯ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

1914ರ ಮೇ 8ರಂದು ಅಧ್ಯಕ್ಷ ವುಡ್ರೊ ವಿಲ್ಸನ್ ಸ್ಮಿತ್ ಲೀವರ್ ಕಾಯಿದೆಗೆ ಸಹಿ ಹಾಕಿದರು. ಪ್ರತಿ ರಾಜ್ಯಕ್ಕೂ ವರ್ಷಕ್ಕೆ 10,000 ಡಾಲರ್ ಖಚಿತ ಅನುದಾನ, ಅದರ ಮೇಲೆ ಗ್ರಾಮೀಣ ಜನಸಂಖ್ಯೆಗೆ ಅನುಗುಣವಾಗಿ ಇನ್ನಷ್ಟು. ಆದರೆ ಈ ಎರಡನೆಯ ಭಾಗಕ್ಕೆ ರಾಜ್ಯದ ಕಡೆಯಿಂದ ಸಮನಾದ ಹಣ ಬರಬೇಕು, ಕೆಲಸ ಕೃಷಿ ಕಾಲೇಜಿನ ಮೂಲಕವೇ ನಡೆಯಬೇಕು ಎಂಬ ವ್ಯವಸ್ಥೆ ಆ ಕಾಯಿದೆಯದು. ಬ್ರೂಮ್‌ನಲ್ಲಿ ಒಂದು ಮಂಡಳಿಯ ಪ್ರಯೋಗವಾಗಿದ್ದದ್ದು ಈಗ ದೇಶದ ಪದ್ಧತಿಯಾಯಿತು. ನ್ಯೂಯಾರ್ಕ್ ರಾಜ್ಯದಲ್ಲಿ ಕಾರ್ನೆಲ್‌ಗೆ ಸ್ಥಳೀಯ ಪಾಲುದಾರ ಯಾರು ಎಂಬುದಕ್ಕೆ ಉತ್ತರ ಸಿದ್ಧವಾಗಿಯೇ ಇತ್ತು: ಆಯಾ ಕೌಂಟಿಯ ಫಾರ್ಮ್ ಬ್ಯೂರೊ ಸಂಘ.

ಹಳೆಯ ಪ್ರಶ್ನೆಯ ಹೊಸ ರೂಪ

ಮೊದಲ ಮಹಾಯುದ್ಧದ ಆಹಾರದ ಅಗತ್ಯ ಈ ಏಜೆಂಟರ ಸಂಖ್ಯೆಯನ್ನೂ ಸಂಘಗಳ ಸಂಖ್ಯೆಯನ್ನೂ ಬಹುಬೇಗ ಹೆಚ್ಚಿಸಿತು. ಹಲವು ರಾಜ್ಯಗಳ ಫಾರ್ಮ್ ಬ್ಯೂರೊಗಳ ಪ್ರತಿನಿಧಿಗಳು 1919ರ ಫೆಬ್ರವರಿಯಲ್ಲಿ ಇಥಾಕಾದಲ್ಲಿ, ಅದೇ ವರ್ಷದ ನವೆಂಬರಿನಲ್ಲಿ ಶಿಕಾಗೊದಲ್ಲಿ ಸೇರಿ ರಾಷ್ಟ್ರೀಯ ಒಕ್ಕೂಟವನ್ನು ಕಟ್ಟಿದರು. ಅಯೋವಾದ ಜೇಮ್ಸ್ ಆರ್. ಹೋವರ್ಡ್ ಅದರ ಮೊದಲ ಅಧ್ಯಕ್ಷರಾದರು. ಒಕ್ಕೂಟವು ವಾಷಿಂಗ್ಟನ್ನಿನಲ್ಲಿ ಕಚೇರಿ ತೆರೆದು, ಸಂಸತ್ತಿನಲ್ಲಿ ಎರಡೂ ಪಕ್ಷಗಳ ಕೃಷಿ ರಾಜ್ಯಗಳ ಸದಸ್ಯರನ್ನು ಒಗ್ಗೂಡಿಸಿ, ಶಾಸನಗಳ ಮೇಲೆ ಪ್ರಭಾವ ಬೀರತೊಡಗಿತು. ನ್ಯೂಯಾರ್ಕಿನಲ್ಲಿ ರಾಜ್ಯ ಫಾರ್ಮ್ ಬ್ಯೂರೊ ಒಕ್ಕೂಟವು ಗ್ರೇಂಜ್ ಎಂಬ ಹಳೆಯ ರೈತ ಸಂಘಟನೆ ಮತ್ತು ಹಾಲು ಉತ್ಪಾದಕರ ಡೇರಿಮೆನ್ಸ್ ಲೀಗ್ ಜೊತೆ ಸೇರಿ 1920ರಲ್ಲಿ ಜಿಎಲ್ಎಫ್ ಎಂಬ ಸಹಕಾರಿ ಖರೀದಿ ಸಂಸ್ಥೆಯನ್ನು ಆರಂಭಿಸಿತು. ಹಾಲಿನ ಬೆಲೆಗಾಗಿ 1916ರಲ್ಲಿ ನ್ಯೂಯಾರ್ಕ್ ಮಹಾನಗರಕ್ಕೆ ಹಾಲು ನಿಲ್ಲಿಸಿ ಗೆದ್ದಿದ್ದ ಲೀಗ್ ಅದು. ಬ್ಯಾರನ್ ಅವರ ಕಾಲದಲ್ಲಿ ಯಾರೂ ಉತ್ತರಿಸದ ಬೆಲೆಯ ಪ್ರಶ್ನೆಗೆ ರೈತರು ಸಂಘಟನೆಯ ಮೂಲಕವೇ ಉತ್ತರ ಹುಡುಕಿದರು.

ಇಲ್ಲಿ ಹಳೆಯ ಪ್ರಶ್ನೆ ತಿರುಗಿ ನಿಂತಿತು. ಸರ್ಕಾರದ ಸಂಬಳ ಪಡೆಯುವ ಏಜೆಂಟರು, ಖಾಸಗಿ ಸದಸ್ಯತ್ವದ, ರಾಜಕೀಯ ಪ್ರಭಾವ ಬೀರುವ, ವ್ಯಾಪಾರವನ್ನೂ ಮಾಡುವ ಸಂಘದ ಕಚೇರಿಯಲ್ಲಿ ಕೂತಿದ್ದರು. ಹಿಂದೆ ಅವರನ್ನು ವ್ಯಾಪಾರಿಗಳ ಕಡೆಯವರೆಂದು ರೈತರು ಅನುಮಾನಿಸಿದರೆ, ಈಗ ಅವರನ್ನು ಒಂದು ಸಂಘದ ಕಡೆಯವರೆಂದು ಆ ಸಂಘಕ್ಕೆ ಸೇರದ ರೈತರೂ, ಏಜೆಂಟರು ಬೀಜ ಗೊಬ್ಬರದ ಸಗಟು ಖರೀದಿಗೆ ನೆರವಾಗುತ್ತಾರೆಂದು ಅಂಗಡಿಕಾರರೂ ಆಕ್ಷೇಪಿಸಿದರು. ವಾಣಿಜ್ಯ ಮಂಡಳಿಯ ಸದಸ್ಯರಾಗಿರುವಂತಹ ವರ್ತಕರೇ ಈಗ ದೂರುವವರ ಸಾಲಿನಲ್ಲಿ ನಿಲ್ಲುವಂತಾಯಿತು. 1921ರಲ್ಲಿ ಕೇಂದ್ರ ಕೃಷಿ ಇಲಾಖೆಯ ಪರವಾಗಿ ಎ. ಸಿ. ಟ್ರೂ ಮತ್ತು ಒಕ್ಕೂಟದ ಪರವಾಗಿ ಹೋವರ್ಡ್ ಒಪ್ಪಂದವೊಂದಕ್ಕೆ ಬಂದರು: ಏಜೆಂಟರು ಸದಸ್ಯರನ್ನು ಸೇರಿಸಬಾರದು, ಚಂದಾ ವಸೂಲಿ ಮಾಡಬಾರದು, ಸಂಘದ ಹಣ ನೋಡಿಕೊಳ್ಳಬಾರದು, ಮಾರಾಟ ಖರೀದಿಗಳಲ್ಲಿ ಕೈಹಾಕಬಾರದು. ಕಾಗದದ ಮೇಲೆ ಗೆರೆ ಎಳೆದದ್ದಾಯಿತು. ಕಚೇರಿ ಮಾತ್ರ ಎಷ್ಟೋ ಕೌಂಟಿಗಳಲ್ಲಿ ಒಂದೇ ಆಗಿ ಉಳಿಯಿತು.

ಈ ಬೆಸುಗೆಯಿಂದ ಆದ ಹಾನಿಯನ್ನು ಮರೆಮಾಚುವುದು ಸರಿಯಲ್ಲ. ಸಂಘದ ಸದಸ್ಯರಾಗುವವರು ಹೆಚ್ಚಾಗಿ ಸ್ವಂತ ಜಮೀನಿನ, ಒಂದಿಷ್ಟು ಅನುಕೂಲವಿರುವ ರೈತರು. ಏಜೆಂಟರ ಹೊತ್ತು ಅವರ ಹೊಲಗಳಲ್ಲಿಯೇ ಹೆಚ್ಚು ಕಳೆಯಿತು. ಗೇಣಿದಾರರು, ಕೂಲಿಗಳು, ದಕ್ಷಿಣದ ಕಪ್ಪು ರೈತರು ಈ ವ್ಯವಸ್ಥೆಯ ಅಂಚಿನಲ್ಲಿಯೇ ಉಳಿದರು. ಬಡ ರೈತರಿಗೆ ಸಾಲ ಮತ್ತು ನೆಲ ಒದಗಿಸಲು ಫ್ರಾಂಕ್ಲಿನ್ ರೂಸ್‌ವೆಲ್ಟ್ ಆಡಳಿತವು 1930ರ ದಶಕದಲ್ಲಿ ಆರಂಭಿಸಿದ ಸಂಸ್ಥೆಯನ್ನು 1940ರ ದಶಕದಲ್ಲಿ ತೀವ್ರವಾಗಿ ವಿರೋಧಿಸಿದವರಲ್ಲಿ ಇದೇ ರಾಷ್ಟ್ರೀಯ ಒಕ್ಕೂಟ ಮುಂದಿತ್ತು. ಪೇಟೆಯ ಹಿಡಿತದಿಂದ ಪಾರಾದ ಸೇವೆಯು ಹಳ್ಳಿಯೊಳಗಿನ ಬಲಾಢ್ಯರ ಹಿಡಿತಕ್ಕೆ ಹೋಗುವ ಅಪಾಯವನ್ನು 1913ರ ಹಸ್ತಾಂತರವು ತಪ್ಪಿಸಲಿಲ್ಲ, ತಪ್ಪಿಸಲು ಅದರಲ್ಲಿ ಏರ್ಪಾಡೂ ಇರಲಿಲ್ಲ.

ಕೊನೆಗೆ 1954ರ ನವೆಂಬರಿನಲ್ಲಿ ಕೃಷಿ ಕಾರ್ಯದರ್ಶಿ ಎಜ್ರಾ ಟಾಫ್ಟ್ ಬೆನ್ಸನ್ ಅವರು ಇಲಾಖೆಯ ನೌಕರರಿಗೆ ರೈತ ಸಂಘಟನೆಗಳೊಡನೆ ಇಂತಹ ನಂಟು ಇರಬಾರದೆಂದು ಆದೇಶ ಹೊರಡಿಸಿದರು. ನ್ಯೂಯಾರ್ಕಿನಲ್ಲಿ ಫಾರ್ಮ್ ಬ್ಯೂರೊ ಮತ್ತು ವಿಸ್ತರಣಾ ಸೇವೆ ಅದರ ಬೆನ್ನಿಗೇ ಬೇರೆಯಾದವು: ಒಂದು ಸದಸ್ಯರ ಚಂದಾದಿಂದ ನಡೆಯುವ ಸಂಘಟನೆ, ಇನ್ನೊಂದು ಸಾರ್ವಜನಿಕ ಹಣದಿಂದ ನಡೆಯುವ ಶಿಕ್ಷಣ ಸೇವೆ.

ಕರ್ನಾಟಕಕ್ಕೂ ಈ ಕಥೆಯ ಒಂದು ಎಳೆ ಬಂದು ಸೇರುತ್ತದೆ. ಬೋಧನೆ, ಸಂಶೋಧನೆ ಮತ್ತು ವಿಸ್ತರಣೆಯನ್ನು ಒಂದೇ ವಿಶ್ವವಿದ್ಯಾಲಯದಲ್ಲಿ ಕೂಡಿಸುವ ಅಮೆರಿಕದ ಪದ್ಧತಿಯನ್ನು ಅನುಸರಿಸಿ, ಟೆನೆಸ್ಸಿ ವಿಶ್ವವಿದ್ಯಾಲಯದ ನೆರವಿನೊಂದಿಗೆ, 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಆರಂಭವಾಯಿತು. ಆದರೆ ನಮ್ಮಲ್ಲಿ ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರದವರೆಗಿನ ದಿನನಿತ್ಯದ ಕೆಲಸ ರಾಜ್ಯದ ಕೃಷಿ ಇಲಾಖೆಯ ಕೈಯಲ್ಲಿದೆ. ವಿಶ್ವವಿದ್ಯಾಲಯ, ಕೌಂಟಿ ಮತ್ತು ರೈತರ ಸ್ಥಳೀಯ ಸಂಘ ಕೂಡಿ ಒಬ್ಬ ಏಜೆಂಟರನ್ನು ಸಾಕುವ ಬ್ರೂಮ್‌ನ ಏರ್ಪಾಡು ಇಲ್ಲಿಗೆ ಬರಲಿಲ್ಲ.

ಮಂಡಳಿಯೂ ಬೆಟ್ಟವೂ ಆಮೇಲೆ

ಮಂಡಳಿಯ 1911ರ ಲೆಕ್ಕಾಚಾರ ಎಷ್ಟರಮಟ್ಟಿಗೆ ನಿಜವಾಯಿತು ಎಂದು ಕೇಳಿದರೆ, ಅರ್ಧ ಎಂದೇ ಹೇಳಬೇಕು. ಒಳ್ಳೆಯ ನೆಲವಿದ್ದ ಕಣಿವೆಯ ಮತ್ತು ಇಳಿಜಾರಿನ ಹೈನುಗಾರರು ಸುಧಾರಿಸಿದರು. ಎತ್ತರದ ಬೆಟ್ಟದ ಹೊಲಗಳನ್ನು ಯಾವ ಸಲಹೆಯೂ ಉಳಿಸಲಿಲ್ಲ. ಪಾಳುಬಿದ್ದ ಜಮೀನುಗಳನ್ನು ಕೊಂಡು ಕಾಡು ಬೆಳೆಸಲು ನ್ಯೂಯಾರ್ಕ್ ರಾಜ್ಯ 1929ರಲ್ಲಿ ಕಾನೂನು ಮಾಡಿತು, ಮತ್ತು ದಕ್ಷಿಣದ ಈ ಬೆಟ್ಟಸಾಲಿನಲ್ಲಿ ಒಂದು ಕಾಲದ ಎಷ್ಟೋ ಹೊಲಗಳು ಇಂದು ಸರ್ಕಾರಿ ಅರಣ್ಯಗಳಾಗಿವೆ. ಆ ನೆಲಕ್ಕೆ ಕಾಡೇ ತಕ್ಕದ್ದೆಂದು ಒಪ್ಪಿಕೊಳ್ಳುವುದು ಕೆಟ್ಟ ಸಲಹೆಯಾಗಿರಲಿಲ್ಲ ಎಂದು ನನಗೆ ತೋರುತ್ತದೆ. ಆದರೆ 1911ರಲ್ಲಿ ಅದನ್ನು ಹೇಳುವ ಧೈರ್ಯ ಮಂಡಳಿಗಾಗಲಿ ರೈಲ್ವೆಗಾಗಲಿ ಇರಲು ಸಾಧ್ಯವಿರಲಿಲ್ಲ.

ಇತ್ತ ನಗರವು ಬೆಟ್ಟದ ಸ್ಥಿತಿ ಏನೇ ಇದ್ದರೂ ಬೆಳೆಯುತ್ತಲೇ ಹೋಯಿತು. 1920ರಲ್ಲಿ 66,800, 1950ರಲ್ಲಿ 80,674 ಜನ. ಅದನ್ನು ಬೆಳೆಸಿದ್ದು ಬೂಟು ಮತ್ತು ಯಂತ್ರಗಳ ಕಾರ್ಖಾನೆಗಳು. ಅವು ಮುಚ್ಚಿದ ಮೇಲೆ ನಗರವೂ ಕುಗ್ಗಿತು. 2020ರ ಜನಗಣತಿಯಲ್ಲಿ ಬಿಂಗ್‌ಹ್ಯಾಮ್ಟನ್‌ನ ಜನಸಂಖ್ಯೆ 47,969, ಅಂದರೆ ಬ್ಯಾರನ್ ಬರುವ ಹಿಂದಿನ ವರ್ಷ ಇದ್ದದ್ದಕ್ಕಿಂತ ತುಸು ಕಡಿಮೆ. ನಗರದ ಮಂಡಳಿಯು ಇಪ್ಪತ್ತನೆಯ ಶತಮಾನದಲ್ಲಿ ಇಡೀ ಬ್ರೂಮ್ ಕೌಂಟಿಯ ಹೆಸರು ಹೊತ್ತು, ಈಗ ಗ್ರೇಟರ್ ಬಿಂಗ್‌ಹ್ಯಾಮ್ಟನ್ ವಾಣಿಜ್ಯ ಮಂಡಳಿಯಾಗಿ ನಡೆಯುತ್ತಿದೆ. ಕೌಂಟಿಯ ಕೃಷಿ ವಿಸ್ತರಣಾ ಸಂಸ್ಥೆಯು ಕಾರ್ನೆಲ್‌ನ ಅಂಗವಾಗಿ, ಕೌಂಟಿ, ರಾಜ್ಯ ಮತ್ತು ಕೇಂದ್ರದ ಹಣದಿಂದ, ಸ್ಥಳೀಯರೇ ಆರಿಸಿದ ನಿರ್ದೇಶಕರ ಮೇಲ್ವಿಚಾರಣೆಯಲ್ಲಿ ಬೇರೆಯಾಗಿ ನಡೆಯುತ್ತಿದೆ. ನ್ಯೂಯಾರ್ಕ್ ಫಾರ್ಮ್ ಬ್ಯೂರೊ ಇವೆರಡರಿಂದಲೂ ದೂರ ನಿಂತು ತನ್ನ ಸದಸ್ಯರ ಪರವಾಗಿ ರಾಜ್ಯದ ರಾಜಧಾನಿಯಲ್ಲಿ ಮಾತನಾಡುತ್ತದೆ.